ತಂದೆ ಗುರುವಾಗಬಲ್ಲನೆ?

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನ ಮಗಳೊಡನೆ ದಿನವೂ ಬೆಳಗ್ಗೆ ನಡೆಯುತ್ತಿದ್ದ ಕಾಲದಲ್ಲಿ, ನೀರಿನಂಚಿನ ಮರಗಳಲ್ಲಿ ಗೂಡು ಕಟ್ಟಿ, ಚೀಲದಂತಹ ಕೊಕ್ಕನ್ನು ಎದೆಗೆ ಒರಗಿಸಿಕೊಂಡು ಧ್ಯಾನಸ್ಥರಂತೆ ಕುಳಿತಿರುತ್ತಿದ್ದ ದೊಡ್ಡ ಹಕ್ಕಿಗಳನ್ನು ನಾನು ಕೊಕ್ಕರೆಗಳೆಂದೇ ಕರೆಯುತ್ತಿದ್ದೆ. ನಾನು ಕರೆದಂತೆ ಅವಳೂ ಕರೆಯುತ್ತಿದ್ದಳು. ಒಂದು ದಿನ ಏರಿಯನ್ನು ಗುಡಿಸುತ್ತಿದ್ದ ವೃದ್ಧರೊಬ್ಬರು ಅವಳ ಮಾತು ಕಿವಿಗೆ ಬಿದ್ದು, “ಕೊಕ್ಕರೆ ಅಲ್ಲ ಕಣವ್ವ, ಅದು ಹೆಜ್ಜಾರ್ಲೆ” ಎಂದು ತಿದ್ದಿದರು. ಮನೆಯ ದಾರಿಯಲ್ಲಿ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಬಾಗಿಲ ಬಳಿ ಚಪ್ಪಲಿ ಕಳಚುವಾಗ ಕೇಳಿದಳು: “ಅಪ್ಪ, ನೀನು ಹೇಳಿಕೊಟ್ಟಿದ್ದು ತಪ್ಪಾಗಿದ್ದರೆ ಅದು ನನಗೆ ಗೊತ್ತಾಗೋದು ಹೇಗೆ?”

ಆಗ ಅವಳಿಗೆ 14 ವರ್ಷ. ಎಂಟನೆಯ ತರಗತಿ ಮುಗಿದ ಬಳಿಕ ಅವಳನ್ನು ಶಾಲೆಯಿಂದ ಬಿಡಿಸಿ, ಪ್ರೌಢಶಾಲೆಯ ವಿದ್ಯೆಯನ್ನು ಮನೆಯಲ್ಲಿಯೇ ಹೇಳಿಕೊಡುವುದೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿ ಮೂರು ತಿಂಗಳಾಗಿತ್ತು. ಪಠ್ಯಪುಸ್ತಕಗಳನ್ನು ಕುರಿತು, ವೇಳಾಪಟ್ಟಿಯನ್ನು ಕುರಿತು, ಬಂಧುಗಳ ಆಕ್ಷೇಪಣೆಗಳಿಗೆ ಹೇಳಬೇಕಾದ ಸಮಾಧಾನವನ್ನು ಕುರಿತು ನಾವು ರಾತ್ರಿಗಟ್ಟಲೆ ಆಲೋಚಿಸಿದ್ದೆವು. ಈ ಪ್ರಶ್ನೆಯೊಂದು ಮಾತ್ರ ನಮಗೆ ಹೊಳೆದಿರಲಿಲ್ಲ. ಶಾಲೆಗೆ ಹೋಗುವ ಮಗುವಿಗೆ ಆರೇಳು ಮಂದಿ ಅಧ್ಯಾಪಕರಿರುತ್ತಾರೆ. ಒಬ್ಬರ ಪ್ರಮಾದವನ್ನು ಮತ್ತೊಬ್ಬರ ಮಾತೋ, ಪಕ್ಕದ ಬೆಂಚಿನ ಗೆಳತಿಯ ಸಂಶಯವೋ ಒಂದಲ್ಲ ಒಂದು ದಿನ ತಿದ್ದುತ್ತದೆ. ತಂದೆತಾಯಿಗಳೇ ಗುರುಗಳಾದ ಮನೆಯಲ್ಲಿ, ಅನ್ನವನ್ನು ಬಡಿಸುವ ಕೈಯೇ ಅಕ್ಷರವನ್ನೂ ಬಡಿಸುತ್ತಿರುವಾಗ, ಆ ಅಕ್ಷರವನ್ನು ಸಂದೇಹಿಸುವ ಧೈರ್ಯ ಮಗುವಿಗೆ ಎಲ್ಲಿಂದ ಬರಬೇಕು?

ನ್ಯಾಯದರ್ಶನದಲ್ಲಿ ಆಪ್ತನ ಮಾತು ಪ್ರಮಾಣವೆನಿಸಿಕೊಳ್ಳುತ್ತದೆ. ಆದರೆ ಆಪ್ತನೆಂದರೆ ಹತ್ತಿರದವನೆಂದು ಅಲ್ಲಿ ಅರ್ಥವಲ್ಲ. ವಸ್ತುವನ್ನು ತಾನು ಸಾಕ್ಷಾತ್ತಾಗಿ ಅರಿತವನೂ, ಅರಿತುದನ್ನು ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಯಾವನೋ ಅವನೇ ಆಪ್ತನೆಂದು ವಾತ್ಸ್ಯಾಯನನ ಭಾಷ್ಯದ ಅಭಿಪ್ರಾಯ. ಮತ್ತು ಆ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಒಪ್ಪುತ್ತಾನೆ. ಕೆರೆಯ ಏರಿಯ ಮೇಲೆ ಆ ಬೆಳಗ್ಗೆ ಆಪ್ತರಾಗಿದ್ದವರು ಪೊರಕೆ ಹಿಡಿದ ಆ ವೃದ್ಧರು. ತಂದೆಗೆ ತಿಳಿಸುವ ಇಚ್ಛೆ ಧಾರಾಳವಾಗಿ ಇರುತ್ತದೆ, ಅರಿವಾದರೋ ಎಲ್ಲ ವಿಷಯಗಳಲ್ಲಿಯೂ ಇರುವುದಿಲ್ಲ. ಆದರೆ ಮಗು ಈ ಎರಡನ್ನೂ ಬೇರ್ಪಡಿಸಿ ನೋಡಲಾರದು, ಏಕೆಂದರೆ ಪ್ರೀತಿ ನಡುವೆ ನಿಂತು, ಪ್ರಮಾಣವಿಲ್ಲದ ಮಾತಿಗೂ ಪ್ರಮಾಣದ ಮುದ್ರೆಯನ್ನು ಒತ್ತಿಬಿಡುತ್ತದೆ. ಮನೆಯ ಪಾಠದ ಬಲವೂ ಅಪಾಯವೂ ಈ ಒಂದೇ ಸ್ಥಾನದಲ್ಲಿ ಇವೆಯೆಂದು ನನಗೆ ತೋರುತ್ತದೆ.

ನಮ್ಮ ಪ್ರಾಚೀನರು ಈ ತೊಡಕನ್ನು ಅರಿಯದವರಲ್ಲ. ಛಾಂದೋಗ್ಯದ ಉದ್ದಾಲಕ ಆರುಣಿ ಸ್ವತಃ ಮಹಾಜ್ಞಾನಿಯಾಗಿದ್ದರೂ ಮಗ ಶ್ವೇತಕೇತುವನ್ನು 12ನೆಯ ವಯಸ್ಸಿನಲ್ಲಿ ಹೊರಗಿನ ಗುರುಗಳ ಬಳಿಗೆ ಕಳುಹಿಸಿದನು. 24 ವರ್ಷದವನಾಗಿ, ವೇದಗಳನ್ನೆಲ್ಲ ಓದಿದ ಗರ್ವದಿಂದ ಮಗನು ಮರಳಿ ಬಂದಾಗ, ಆ ಗುರುಗಳು ಹೇಳಿಕೊಡದೆ ಉಳಿಸಿದ್ದನ್ನು ಮನೆಯಲ್ಲಿ ಹೇಳಿಕೊಡಲು ತೊಡಗಿದನು, ತೊಡಗಿದುದಾದರೂ ಹೇಗೆ? ಉಪ್ಪಿನ ಹರಳನ್ನು ರಾತ್ರಿ ನೀರಿನಲ್ಲಿ ಹಾಕಿಸಿ, ಬೆಳಗ್ಗೆ ಆ ನೀರನ್ನು ಮೇಲಿನಿಂದ, ನಡುವಿನಿಂದ, ತಳದಿಂದ ಚಪ್ಪರಿಸಿ ನೋಡೆಂದು ಹೇಳಿ. ಆಲದ ಹಣ್ಣನ್ನು ತರಿಸಿ, ಒಡೆಯಿಸಿ, ಒಳಗಿನ ಬೀಜವನ್ನೂ ಸೀಳಿಸಿ, ಏನು ಕಾಣುತ್ತದೆಂದು ಕೇಳಿ. 15 ದಿನ ಊಟ ಬಿಡಿಸಿ, ಕಲಿತ ಋಕ್ಕುಗಳು ನೆನಪಿಗೆ ಬಾರದುದನ್ನು ಅವನೇ ಕಂಡುಕೊಳ್ಳುವಂತೆ ಮಾಡಿ. ನಾಲಗೆ, ಕೈ, ಹೊಟ್ಟೆ ಇವುಗಳನ್ನು ಸಾಕ್ಷಿಗಳನ್ನಾಗಿ ನಿಲ್ಲಿಸಿಕೊಂಡೇ ಆ ತಂದೆ ತನ್ನ ಮಹಾವಾಕ್ಯವನ್ನು ಮತ್ತೆ ಮತ್ತೆ ನುಡಿದದ್ದು. ನಾನು ಹೇಳುತ್ತೇನೆ, ಆದುದರಿಂದ ನಂಬು, ಎಂಬ ಧಾಟಿ ಅಲ್ಲಿ ಇಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಕಾಡಿದವನು ತೈತ್ತಿರೀಯದ ವರುಣ. ಅವನ ಮಗ ಭೃಗು ತಂದೆಯ ಬಳಿಗೆ ಬಂದು ಬ್ರಹ್ಮವನ್ನು ತಿಳಿಸಿಕೊಡೆಂದು ಪ್ರಾರ್ಥಿಸಿದನು. ವರುಣನು ಬಲ್ಲವನು, ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಅವನು ಹೇಳಲಿಲ್ಲ. ಹುಡುಕತಕ್ಕ ವಸ್ತುವಿನ ಗುರುತನ್ನು ಮಾತ್ರ ಕೊಟ್ಟು, ತಪಸ್ಸಿಗೆ ಕಳುಹಿಸಿದನು. ಭೃಗು ತಪಸ್ಸು ಮಾಡಿ, ಅನ್ನವೇ ಬ್ರಹ್ಮವೆಂದು ಕಂಡು, ತಂದೆಯೆಡೆಗೆ ಮರಳಿದನು. ತಪ್ಪು ಎಂದು ವರುಣನು ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಇನ್ನೂ ತಪಸ್ಸು ಮಾಡೆಂದನು. ಎರಡನೆಯ ಸಲ ಪ್ರಾಣ, ಮೂರನೆಯ ಸಲ ಮನಸ್ಸು, ನಾಲ್ಕನೆಯ ಸಲ ವಿಜ್ಞಾನ. ಪ್ರತಿಯೊಂದು ಸಲವೂ ಮಗನು ಓಡಿಬಂದನು, ಪ್ರತಿಯೊಂದು ಸಲವೂ ತಂದೆ ಅದೇ ಉತ್ತರ ಕೊಟ್ಟನು. ಐದನೆಯ ಸಲ ಭೃಗು ಆನಂದವನ್ನು ಕಂಡನು. ಆಗ ಅವನು ತಂದೆಯನ್ನು ಕೇಳಲು ಬಂದನೆಂದು ಉಪನಿಷತ್ತು ಹೇಳುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು: ಆನಂದದ ಮಾತು ಮುಗಿದೊಡನೆಯೆ ಉಪನಿಷತ್ತು ಅನ್ನದ ಕಡೆಗೆ ತಿರುಗಿ, ಅನ್ನವನ್ನು ನಿಂದಿಸದಿರುವುದನ್ನು ವ್ರತವಾಗಿ ವಿಧಿಸುತ್ತದೆ. ಮೊದಲ ಮೆಟ್ಟಿಲಿನ ಉತ್ತರ ಕೊನೆಯ ಮೆಟ್ಟಿಲಿನಲ್ಲಿಯೂ ತಿರಸ್ಕೃತವಾಗುವುದಿಲ್ಲ. 14 ವರ್ಷದ ಹುಡುಗಿ ಬರೆದ ಪ್ರಬಂಧವನ್ನು ಕೆಂಪು ಶಾಯಿಯ ಲೇಖನಿ ಹಿಡಿದು ಓದಲು ಕುಳಿತ ತಂದೆಗೆ ಇದಕ್ಕಿಂತ ಉಪಯುಕ್ತವಾದ ಶಾಸ್ತ್ರವನ್ನು ನಾನು ಬೇರೆಲ್ಲಿಯೂ ಕಾಣೆ.

ವರುಣನಿಗೆ ತೀರ ವಿರುದ್ಧನಾದ ತಂದೆಯೂ ನಮ್ಮ ಕಥೆಗಳಲ್ಲಿ ಇದ್ದಾನೆ. ಹಿರಣ್ಯಕಶಿಪು ಪ್ರಹ್ಲಾದನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಕಲಿತುದರಲ್ಲಿ ಉತ್ತಮವಾದುದನ್ನು ಹೇಳೆಂದು ವಾತ್ಸಲ್ಯದಿಂದ ಕೇಳಿ, ಬಂದ ಉತ್ತರ ತನ್ನದಲ್ಲದೆ ಬೇರೆಯದಾದಾಗ ಅದೇ ತೊಡೆಯಿಂದ ಮಗುವನ್ನು ನೆಲಕ್ಕೆ ತಳ್ಳಿದನು. ಆ ವಾತ್ಸಲ್ಯ ಸುಳ್ಳೆಂದು ನಾನು ಹೇಳಲಾರೆ. ಅದಕ್ಕೆ ಒಂದು ಷರತ್ತು ಇತ್ತು, ಅಷ್ಟೆ. ಮಕ್ಕಳಿಗೆ ಮನೆಯಲ್ಲಿ ಕಲಿಸುವ ನಮ್ಮೆಲ್ಲರ ವಾತ್ಸಲ್ಯದಲ್ಲಿಯೂ ಆ ಷರತ್ತು ಒಂದು ಮೂಲೆಯಲ್ಲಿ ಅಡಗಿರುವ ಸಂಭವವುಂಟು.

ಈಚಿನ ಕಾಲದ ಇಬ್ಬರು ತಂದೆಯರ ವೃತ್ತಾಂತವನ್ನು ಇಲ್ಲಿ ಹೇಳದಿರಲಾರೆ. 1806ರಲ್ಲಿ ಹುಟ್ಟಿದ ಜಾನ್ ಸ್ಟುವರ್ಟ್ ಮಿಲ್ಲನಿಗೆ ಅವನ ತಂದೆ ಜೇಮ್ಸ್ ಮಿಲ್ ಮೂರನೆಯ ವಯಸ್ಸಿನಲ್ಲಿ ಗ್ರೀಕನ್ನೂ, ಎಂಟರಲ್ಲಿ ಲ್ಯಾಟಿನ್ನನ್ನೂ, ಹನ್ನೆರಡರಲ್ಲಿ ತರ್ಕವನ್ನೂ ಆರಂಭಿಸಿದನು. ಬೆಳಗಿನ ಉಪಾಹಾರಕ್ಕೆ ಮೊದಲು ಹಸುರು ಹಾದಿಗಳಲ್ಲಿ ಮಗನೊಡನೆ ನಡೆಯುತ್ತ, ಹಿಂದಿನ ದಿನ ಓದಿದುದರ ವರದಿಯನ್ನು ಅವನ ಬಾಯಿಂದ ಕೇಳುತ್ತಿದ್ದನು. ಇತರ ಹುಡುಗರ ಸಹವಾಸದಿಂದ ಅವನನ್ನು ಎಚ್ಚರಿಕೆಯಿಂದ ದೂರವಿರಿಸಿದನು. ಇಷ್ಟು ಶ್ರಮಪಟ್ಟು ಮಗನಿಗೆ ವಿದ್ಯೆ ಕೊಟ್ಟ ತಂದೆಯರು ವಿರಳ. ಆದರೂ 1826ರಲ್ಲಿ, ತನ್ನ 20ನೆಯ ವಯಸ್ಸಿನಲ್ಲಿ, ತಾನು ಬಯಸುತ್ತಿರುವ ಸುಧಾರಣೆಗಳೆಲ್ಲ ಈಗಲೇ ಕೈಗೂಡಿದರೆ ತನಗೆ ಸಂತೋಷವಾದೀತೆ ಎಂದು ತನ್ನನ್ನೇ ಕೇಳಿಕೊಂಡ ಆ ಯುವಕನಿಗೆ, ಇಲ್ಲವೆಂಬ ಉತ್ತರ ಒಳಗಿನಿಂದ ಬಂದಿತು. ಬದುಕಿನ ಆಸರೆ ಕುಸಿಯಿತು. ಬಯಕೆಗಳು ತನ್ನವೆಂದು ಅವನು ಭಾವಿಸಿದ್ದನು, ಅವು ತಂದೆ ಇರಿಸಿಹೋದವಾಗಿದ್ದವು. ಮುಂದೆ ವರ್ಡ್ಸ್‌ವರ್ತನ ಕವಿತೆಗಳು ಅವನಿಗೆ ಮದ್ದಾದವು. ಆ ಪುಸ್ತಕವನ್ನು ತೆರೆದು ಕುಳಿತದ್ದು ಯಾರೂ ಒಪ್ಪಿಸಿದ ಪಾಠವಾಗಿರಲಿಲ್ಲ.

ಗಾಂಧೀಜಿಯವರ ಪ್ರಕರಣ ಬೇರೆ ಬಗೆಯದು. ದಕ್ಷಿಣ ಆಫ್ರಿಕದಲ್ಲಿ ಅವರು ಮಕ್ಕಳನ್ನು ಶಾಲೆಗೆ ಕಳುಹಿಸದೆ, ಜೋಹಾನ್ಸ್‌ಬರ್ಗಿನ ಮನೆಯಿಂದ ಕಚೇರಿಗೆ ಹೋಗಿಬರುವ ನಡಿಗೆಯಲ್ಲಿಯೇ ಮಾತಿನ ಮೂಲಕ ಪಾಠ ಹೇಳುತ್ತಿದ್ದರು. 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಕೈಕೆಲಸವನ್ನೂ ಅಕ್ಷರವನ್ನೂ ಜೊತೆಗೂಡಿಸಿದರು. ಹಿರಿಯ ಮಗ ಹರಿಲಾಲರಿಗೆ ವಿಧಿವತ್ತಾದ ವಿದ್ಯಾಭ್ಯಾಸ ದೊರೆಯಲಿಲ್ಲವೆಂಬ ಕೊರಗು ತೀರದಾಯಿತು. 1911ರಲ್ಲಿ ಅವರು ತಂದೆಯನ್ನು ಬಿಟ್ಟು ಓದುವುದಕ್ಕೆಂದು ಭಾರತಕ್ಕೆ ಬಂದರು. ದಿನಕ್ಕೆ ಒಂದು ಗಂಟೆಯನ್ನಾದರೂ ತಪ್ಪದೆ ಮಕ್ಕಳ ಅಕ್ಷರವಿದ್ಯೆಗೆ ಮೀಸಲಿಟ್ಟಿದ್ದರೆ ಅದು ಆದರ್ಶ ಶಿಕ್ಷಣವಾಗುತ್ತಿತ್ತೆಂದೂ, ತಾವು ಹಾಗೆ ಮಾಡಲಿಲ್ಲವೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ದಿನಕ್ಕೊಂದು ಗಂಟೆ! ಲೋಕಸೇವೆ ಎಷ್ಟೇ ದೊಡ್ಡದಾಗಿರಲಿ, ಮಗನ ಪಾಲಿನ ಆ ಒಂದು ಗಂಟೆ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಮನೆಯಲ್ಲಿ ಕಲಿಸಹೊರಟವರು ಮೊದಲು ಈ ಸಾಲವನ್ನು ಅಂದಂದೇ ತೀರಿಸುವ ಸಂಕಲ್ಪ ಮಾಡಬೇಕು. ಅತಿಥಿಗಳು ಬಂದರೂ, ಮದುವೆಯ ಮನೆಯಿದ್ದರೂ, ಆ ಗಂಟೆ ಮಗುವಿನದು. ನಾವು ಬೆಳಗಿನ ಆರರಿಂದ ಏಳನ್ನು ಗೊತ್ತುಮಾಡಿಕೊಂಡೆವು.

ಅಂದಿನ ಪ್ರಶ್ನೆಗೆ ನಾನು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಆ ವಾರವೇ ಗಣಿತದ ಪುಸ್ತಕಗಳ ಹಿಂಭಾಗದಿಂದ ನಾನು ಬಿಡಿಸಿ ಬೀರುವಿನಲ್ಲಿ ಬೀಗ ಹಾಕಿ ಇರಿಸಿದ್ದ ಉತ್ತರಗಳ ಪುಟಗಳನ್ನು ತೆಗೆದು ಅವಳ ಕೈಗೆ ಕೊಟ್ಟೆ. ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಸರಿತಪ್ಪುಗಳ ಭಂಡಾರದ ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವನೇ ಆ ಮನೆಯ ಗುರು. ನೋಡಿ ಬರೆದುಬಿಡುವಳೆಂಬ ಭಯ ನನಗಿತ್ತು. ಮೊದಲ ಹದಿನೈದು ದಿನ ಬರೆದಳು ಕೂಡ. ಅನಂತರ ಅವಳಿಗೇ ಅದು ರುಚಿಸದಾಯಿತು. ಪುಸ್ತಕದ ಉತ್ತರವೇ ತಪ್ಪಾಗಿದ್ದ ಒಂದು ತ್ರಿಕೋನಮಿತಿಯ ಲೆಕ್ಕವನ್ನು ಹಿಡಿದು ಅವಳು ಎರಡು ದಿನ ಒಬ್ಬಳೇ ಹೋರಾಡಿದಳು, ನನ್ನ ಬಳಿಗೆ ಬಂದಾಗ ಕೇಳುವುದಕ್ಕೆಂದು ಬರಲಿಲ್ಲ, ತೋರಿಸುವುದಕ್ಕೆಂದು ಬಂದಳು.

ಎರಡನೆಯದಾಗಿ, ಮನೆಯ ಗೋಡೆಯಲ್ಲಿ ಬಾಗಿಲುಗಳನ್ನು ತೆರೆದೆವು. ಭೌತಶಾಸ್ತ್ರಕ್ಕೆ ಎರಡು ಬೀದಿಯಾಚೆಯ ನಿವೃತ್ತ ಉಪಾಧ್ಯಾಯರು. ಕುಮಾರವ್ಯಾಸನ ವಾಚನಕ್ಕೆ ಅವಳ ಅಜ್ಜಿ, ಗಮಕ ಬಲ್ಲವರು, ಅರ್ಥದಲ್ಲಿ ನನ್ನೊಡನೆ ಜಗಳವಾಡುವವರು. ಆ ಜಗಳಗಳನ್ನು ನಾವು ಅವಳ ಮುಂದೆಯೇ ಆಡಿದೆವು. ಹಿರಿಯರಿಬ್ಬರು ಒಂದು ಪದ್ಯದ ಅನ್ವಯದಲ್ಲಿ ಭಿನ್ನಾಭಿಪ್ರಾಯಪಟ್ಟೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದೆಂಬುದನ್ನು ಕಾಣುವುದು ಆ ವಯಸ್ಸಿನ ಮಕ್ಕಳಿಗೆ ದೊಡ್ಡ ಪಾಠ. ಗ್ರಂಥಾಲಯದ ಚೀಟಿ ಅವಳ ಹೆಸರಿನಲ್ಲಿಯೇ ಇರಬೇಕೆಂದೂ, ಅವಳು ತಂದ ಪುಸ್ತಕಗಳಲ್ಲಿ ಪ್ರತಿ ತಿಂಗಳು ಒಂದನ್ನಾದರೂ ನಾವು ವಿಚಾರಿಸಬಾರದೆಂದೂ ಮಾಡಿಕೊಂಡ ನಿಯಮ ನನ್ನ ಪತ್ನಿಯದು. ಓರಗೆಯವರ ಸಹವಾಸಕ್ಕೆ ಸಂಜೆಯ ಆಟದ ಬಯಲು ಇತ್ತು. ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲವೆಂದು ಯಾವ ತಂದೆಯಾದರೂ ಹೇಳಿದರೆ, ಮಿಲ್ಲನ ಕಥೆಯನ್ನು ಇನ್ನೊಮ್ಮೆ ಓದಬೇಕೆಂದು ಕೈಮುಗಿದು ಬೇಡುತ್ತೇನೆ.

ಪರೀಕ್ಷೆಯ ವಿಷಯಕ್ಕೆ ಬರೋಣ. ಮನೆಯಲ್ಲಿ ಕಲಿಸುವವರಲ್ಲಿ ಕೆಲವರು ಪರೀಕ್ಷೆಯನ್ನೇ ಅನಿಷ್ಟವೆಂದು ತಿಳಿಯುತ್ತಾರೆ. ನಾನು ಹಾಗೆ ತಿಳಿಯಲಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು; ಅದರಾಚೆಗಿನ ಮಕ್ಕಳಿಗೆ, 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿ ತೆರೆದಿದೆ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಐದು ವಿಷಯಗಳನ್ನು ತಾವೇ ಆರಿಸಿಕೊಂಡು, ಒಂದೊಂದನ್ನಾಗಿ ಬೇಕಾದರೂ ಬರೆದು, 5 ವರ್ಷದೊಳಗೆ ಮುಗಿಸಬಹುದು. ಗಣಿತದೊಡನೆ ಚಿತ್ರಕಲೆಯನ್ನು ತೆಗೆದುಕೊಳ್ಳುವ ಸ್ವಾತಂತ್ರ್ಯವುಂಟು. ವಿಜ್ಞಾನದ ಪ್ರಯೋಗಗಳಿಗೆ ಮಾತ್ರ ಅಧ್ಯಯನ ಕೇಂದ್ರವನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು, ಕೊನೆಯ ಗಳಿಗೆಗೆ ಬಿಟ್ಟರೆ ಪರದಾಟ. ಮುಂದಿನ ದಾರಿಗೆ ಪ್ರಮಾಣಪತ್ರ ಬೇಕೆಂಬುದು ಒಂದು ಕಾರಣ. ಆದರೆ ನನಗೆ ಮುಖ್ಯವಾಗಿ ತೋರಿದ್ದು ಬೇರೊಂದು. ಅವಳ ಹೆಸರನ್ನೂ ಅರಿಯದ, ಅವಳನ್ನು ಪ್ರೀತಿಸದ ಒಬ್ಬ ಅಪರಿಚಿತನು ಅವಳ ಬರಹವನ್ನು ಓದಿ ತೂಗುತ್ತಾನೆ. ಅವಳು ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರವಲ್ಲವೆ?

ಧರ್ಮವನ್ನು ಮನೆಯಲ್ಲಿ ಕಲಿಸುವುದೆಂತು? ಇಲ್ಲಿ ನಾನು ಬಹುಕಾಲ ತೊಳಲಿದೆ. ನಾನು ಆಸ್ತಿಕ, ದಿನವೂ ಪೂಜೆ ಮಾಡುವವನು. ಗಣಿತದಲ್ಲಿ ಮಗಳು ನನ್ನನ್ನು ಮೀರಿದರೆ ಹಿಗ್ಗುವ ನಾನು, ದೇವರ ವಿಷಯದಲ್ಲಿ ಮೀರಿದರೆ ಹಿಗ್ಗುವೆನೆ? 16ನೆಯ ವಯಸ್ಸಿನಲ್ಲಿ ಅವಳು, ತನಗೆ ಪ್ರಾರ್ಥನೆಯಲ್ಲಿ ಏನೂ ಅನಿಸುವುದಿಲ್ಲವೆಂದೂ ಅನಿಸಿದಂತೆ ನಟಿಸಲಾರೆನೆಂದೂ ಹೇಳಿದಾಗ, ಹಿರಣ್ಯಕಶಿಪುವಿನ ತೊಡೆ ನನ್ನಲ್ಲಿಯೂ ಒಮ್ಮೆ ನಡುಗಿತು. ಸ್ಥಿತಿ ವಿಪರ್ಯಸ್ತವಾಗಿತ್ತು, ಆದರೆ ನಡುಕ ಅದೇ. ಆಗ ನೆನಪಿಗೆ ಬಂದದ್ದು ತೈತ್ತಿರೀಯದ ಶೀಕ್ಷಾವಲ್ಲಿ. ಅಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ, ತಾಯಿತಂದೆಯರನ್ನೂ ಆಚಾರ್ಯನನ್ನೂ ದೇವರೆಂದು ಕಾಣೆಂದು ವಿಧಿಸಿದ ಗುರು, ಆ ಮಾತಿನ ಬೆನ್ನಿಗೇ, ನಮ್ಮ ನಡತೆಯಲ್ಲಿ ಒಳ್ಳೆಯವು ಯಾವುವೋ ಅವುಗಳನ್ನು ಮಾತ್ರ ಅನುಸರಿಸು, ಉಳಿದವನ್ನಲ್ಲ ಎಂಬ ಭಾವದ ಮಾತನ್ನು ಸೇರಿಸುತ್ತಾನೆ. ದೇವರೆಂದು ಪೂಜಿಸಿಕೊಳ್ಳುವವನೇ ತನ್ನನ್ನು ಆರಿಸಿ ತೆಗೆದುಕೊಳ್ಳುವ ಅಧಿಕಾರವನ್ನು ಶಿಷ್ಯನಿಗೆ ಕೊಡುತ್ತಾನೆ. ನಾನು ಅವಳಿಗೆ, ಪೂಜೆಯ ಹೊತ್ತಿನಲ್ಲಿ ಹೂ ಕೊಯ್ದು ತರುವ ಕೆಲಸ ಮನೆಯ ಕೆಲಸವಾದುದರಿಂದ ಅದನ್ನು ಬಿಡಬೇಡ, ಕೈಮುಗಿಯುವುದು ನಿನಗೆ ಬಿಟ್ಟದ್ದು ಎಂದೆ. ಹಾಗೆ ಹೇಳಿದ್ದು ಸರಿಯೆ ಎಂಬುದನ್ನು ಈಗಲೂ ನಿಶ್ಚಯಿಸಲಾರೆ. ಅವಳ ತಾಯಿಗೆ ಅದು ಒಪ್ಪಿಗೆಯಾಗಲಿಲ್ಲ.

ಈಗ ಅವಳಿಗೆ 17. ಮಳೆ ಹಿಡಿದ ದಿನಗಳನ್ನು ಬಿಟ್ಟು ಉಳಿದೆಲ್ಲ ದಿನ ನಾವು ಇಂದಿಗೂ ಏರಿಯ ಮೇಲೆ ನಡೆಯುತ್ತೇವೆ. ಹಿಂದಿನ ದಿನ ಓದಿದುದರ ವರದಿಯನ್ನು ಅವಳು ಒಪ್ಪಿಸುವ ರೂಢಿ ಯಾವಾಗ ನಿಂತಿತೋ ನನಗೆ ನೆನಪಿಲ್ಲ. ಕೆಲವು ವಾರಗಳಿಂದ ರಾತ್ರಿ ಬಹಳ ಹೊತ್ತಿನವರೆಗೆ ಅವಳ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಏನನ್ನೋ ಓದುತ್ತಿದ್ದಾಳೆ, ಬರೆಯುತ್ತಲೂ ಇದ್ದಾಳೆ. ಅದು ಏನೆಂದು ನಾನು ಕೇಳಿಲ್ಲ.