ಹಲವು ಕಲೆ, ಒಂದು ನಿಷ್ಠೆ

‘ಒಂದನ್ನೇ ಹಿಡಿ, ಅದನ್ನೇ ಸಾಧಿಸು’ ಎಂಬುದು ಹಿರಿಯರು ಕಿರಿಯರಿಗೆ ತಪ್ಪದೆ ಹೇಳುವ ಬುದ್ಧಿಮಾತು. ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರನೆಂಬ ಅನುಭವ ಅದರ ಹಿಂದಿದೆ. ಹಾಡುತ್ತಾ ಹಾಡುತ್ತಾ ರಾಗವೆಂದಮೇಲೆ, ಹಾಡಿನಿಂದ ನಟನೆಗೆ, ನಟನೆಯಿಂದ ಬರವಣಿಗೆಗೆ ಹಾರಿದವನಿಗೆ ಯಾವುದು ತಾನೆ ಒಲಿದೀತು? ಈ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬಾಳಿದ ಎಡುವಾರ್ಡ್ ಡೆವ್ರಿಯೆಂಟನನ್ನು ನೆನೆದಾಗಲೆಲ್ಲ, ಅದರಲ್ಲಿರುವುದು ಅರ್ಧ ಸತ್ಯವೇ ಏನೋ ಎಂದು ನನಗೆ ಅನ್ನಿಸುತ್ತದೆ.

ಡೆವ್ರಿಯೆಂಟ್ ಹುಟ್ಟಿದ್ದು 1801ರಲ್ಲಿ, ಬರ್ಲಿನ್ನಿನಲ್ಲಿ. ಮನೆತನವೇ ನಟರದು. ಚಿಕ್ಕಪ್ಪ ಲುಡ್ವಿಗ್ ಆ ಕಾಲದ ಅದ್ಭುತ ನಟ. ಎಡುವಾರ್ಡ್ ಮಾತ್ರ ಮೊದಲು ಹಿಡಿದದ್ದು ಸಂಗೀತವನ್ನು. ತ್ಸೆಲ್ಟರನ ಬಳಿ ಕಲಿತು ಬರ್ಲಿನ್ನಿನ ರಾಜ ಆಪೆರಾದಲ್ಲಿ ಗಾಯಕನಾದ. 1829ರ ಮಾರ್ಚ್ 11ರಂದು, ಇಪ್ಪತ್ತರ ತರುಣ ಮೆಂಡೆಲ್ಸನ್, ಬಹುಮಟ್ಟಿಗೆ ಮರೆತೇಹೋಗಿದ್ದ ಬಾಖನ ‘ಸಂತ ಮತ್ತಾಯನ ಪ್ಯಾಶನ್’ ಕೃತಿಗೆ ಮರುಜೀವ ಕೊಟ್ಟನಲ್ಲ, ಆ ದಿನ ಕ್ರಿಸ್ತನ ಭಾಗವನ್ನು ಹಾಡಿದವನು ಡೆವ್ರಿಯೆಂಟ್. ಹಾಡಿದ್ದಷ್ಟೇ ಅಲ್ಲ. ಹಿಂಜರಿಯುತ್ತಿದ್ದ ಗೆಳೆಯನಿಗೆ ಧೈರ್ಯ ಹೇಳಿ, ಅವನೊಡನೆ ಗುರು ತ್ಸೆಲ್ಟರನ ಮನೆಗೆ ಹೋಗಿ, ಮುದುಕನ ಸಿಡುಕನ್ನು ಸಹಿಸಿ ಒಪ್ಪಿಗೆ ಪಡೆದದ್ದರಲ್ಲೂ ಅವನ ಪಾಲಿತ್ತು. ಕೀರ್ತಿ ಮೆಂಡೆಲ್ಸನನದಾಯಿತು. ಅದು ನ್ಯಾಯವೇ.

ನಾಲ್ಕು ವರ್ಷಗಳ ಮೇಲೆ ಮಾರ್ಷ್ನರನ ‘ಹಾನ್ಸ್ ಹೈಲಿಂಗ್’ ಆಪೆರಾ ಬರ್ಲಿನ್ನಿನಲ್ಲಿ ರಂಗಕ್ಕೆ ಬಂತು. ಅದರ ಸಾಹಿತ್ಯವೂ ಡೆವ್ರಿಯೆಂಟನದೇ, ನಾಯಕನ ಪಾತ್ರವೂ ಅವನದೇ. ಆದರೆ ಆ ದಶಕದಲ್ಲಿಯೇ ಅವನ ಕಂಠ ಕೈಕೊಟ್ಟಿತು. ಗಾಯಕನಿಗೆ ಕಂಠ ಹೋಗುವುದೆಂದರೇನು? ಬಡಗಿಯ ಉಳಿ ಮುರಿದರೆ ಇನ್ನೊಂದು ಉಳಿ ಸಿಕ್ಕೀತು. ಗಾಯಕನ ಉಪಕರಣ ಅವನ ದೇಹವೇ. ‘ನಾನು ಗಾಯಕ’ ಎಂಬ ಒಂದೇ ಕಂಬದ ಮೇಲೆ ಬಾಳನ್ನು ನಿಲ್ಲಿಸಿದವನಿಗೆ ಅಂದೇ ಮನೆ ಕುಸಿದಂತೆ. ಡೆವ್ರಿಯೆಂಟ್ ಕುಸಿಯಲಿಲ್ಲ. ಮಾತಿನ ನಾಟಕಗಳಲ್ಲಿ ನಟಿಸಿದ, ನಾಟಕ ಬರೆದ, ನಟರಿಗೆ ಶಾಲೆ ಬೇಕೆಂದು ವಾದಿಸಿದ. 1844ರಲ್ಲಿ ಡ್ರೆಸ್ಡನ್ ರಂಗಭೂಮಿಯ ನಿರ್ದೇಶಕನಾದ.

ಅಲ್ಲಿ ಅವನಿಗೆ ಎದುರಾದವನು ಒಡಹುಟ್ಟಿದ ತಮ್ಮ ಎಮಿಲ್. ಎಮಿಲ್ ಆ ರಂಗದ ತಾರೆ, ಜನರ ಕಣ್ಮಣಿ. ಒಬ್ಬ ನಟ ಬೆಳಗಿದರೆ ಸಾಲದು, ಈಟಿ ಹಿಡಿದು ನಿಂತ ಕಾವಲುಗಾರನವರೆಗೆ ಎಲ್ಲರೂ ಕೂಡಿ ನಾಟಕವನ್ನು ಎತ್ತಬೇಕು ಎಂಬುದು ಅಣ್ಣನ ನಂಬಿಕೆ. ಇಬ್ಬರಿಗೂ ಹೊಂದಲಿಲ್ಲ. 1846ರಲ್ಲಿ ನಿರ್ದೇಶಕನ ಹೊಣೆಯನ್ನು ಬಿಟ್ಟುಕೊಟ್ಟವನು ಅಣ್ಣನೇ.

ಈ ಇಬ್ಬರಲ್ಲಿ ‘ಒಂದನ್ನೇ ಹಿಡಿದವನು’ ಯಾರು? ಮೇಲುನೋಟಕ್ಕೆ ಎಮಿಲ್. ಆದರೆ ನನಗೆ ಬೇರೆಯಾಗಿ ಕಾಣುತ್ತದೆ. ‘ನನ್ನಲ್ಲಿ ಏನಿದೆ, ಅದನ್ನು ಹೇಗೆ ತೋರಿಸಲಿ?’ ಎಂಬುದು ಒಂದು ಪ್ರಶ್ನೆ. ‘ಈ ಕೆಲಸಕ್ಕೆ ಏನು ಬೇಕು, ಅದರಲ್ಲಿ ನನ್ನಿಂದ ಆಗುವುದೇನು?’ ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿಕೊಂಡವನು ಹಲವು ಕಸುಬು ಕಲಿಯದೆ ಗತ್ಯಂತರವಿಲ್ಲ. 1847ರಲ್ಲಿ ಕಾರ್ಲ್ಸ್‌ರೂಹೆಯ ರಂಗಮಂದಿರ ಬೆಂಕಿಗೆ ಸಿಕ್ಕಿ ಬೂದಿಯಾಗಿತ್ತು. 1852ರಲ್ಲಿ ಆ ಊರಿನ ರಂಗಭೂಮಿಯ ಹೊಣೆ ಹೊತ್ತ ಡೆವ್ರಿಯೆಂಟ್, ಸುಮಾರು 17 ವರ್ಷ ದುಡಿದು ಅದಕ್ಕೆ ಹೆಸರು ತಂದ. ನಡುವೆಯೇ ಜರ್ಮನ್ ನಟನ ಕಲೆಯ ಚರಿತ್ರೆಯನ್ನು ಬರೆದ. 1848ರಲ್ಲಿ ಮೊದಲಾದ ಆ ಗ್ರಂಥ ಮುಗಿದದ್ದು 1874ರಲ್ಲಿ. ಇಪ್ಪತ್ತಾರು ವರ್ಷ ಒಂದು ಗ್ರಂಥವನ್ನು ಬಿಡದೆ ಹಿಡಿದವನನ್ನು ಚಂಚಲನೆನ್ನುವುದು ಹೇಗೆ?

ಇದರಲ್ಲಿ ನಷ್ಟವಿಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲರನ್ನೂ ಕೂಡಿಸಿ ನಡೆಸಬೇಕಾದವನು ಎಚ್ಚರಿಕೆಗೆ ಒಗ್ಗಿಹೋಗುತ್ತಾನೆ. ಎಚ್ಚರಿಕೆಯೂ ಸಾಹಸವೂ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ವಾಗ್ನರನ ‘ಟ್ರಿಸ್ಟಾನ್’ ಮೊದಲು ಕಾರ್ಲ್ಸ್‌ರೂಹೆಯಲ್ಲಿಯೇ ಆಗಬೇಕೆಂಬ ಮಾತಿತ್ತು. ಅದು ಕೈಗೂಡದೆ 1865ರಲ್ಲಿ ಮ್ಯೂನಿಕ್ಕಿನ ಪಾಲಾಯಿತು. ವಾಗ್ನರ್ ಅದರ ದೋಷವನ್ನು ಡೆವ್ರಿಯೆಂಟನ ಮೇಲೆ ಹೊರಿಸಿದ. 1869ರಲ್ಲಿ ಡೆವ್ರಿಯೆಂಟ್ ಮೆಂಡೆಲ್ಸನನ ನೆನಪುಗಳನ್ನು ಪ್ರಕಟಿಸಿದಾಗ, ಅದರ ಶೈಲಿಯನ್ನು ಹಂಗಿಸಿ ಬೇರೆ ಹೆಸರಿನಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದ. ಆದರೆ 1848ರಲ್ಲಿ ಇದೇ ವಾಗ್ನರ್ ತನ್ನ ಸೀಗ್‌ಫ್ರೀಡನ ಕಾವ್ಯವನ್ನು ಡೆವ್ರಿಯೆಂಟನಿಗೆ ಓದಿ ತೋರಿಸಿದ್ದ. ನಾಯಕ ನಾಯಿಕೆಯರ ಹಗೆಯನ್ನು ಕಾಣುವ ಮೊದಲು ಅವರ ಒಲವನ್ನು ಪ್ರೇಕ್ಷಕ ಕಾಣಬೇಡವೆ ಎಂದು ಇವನು ಕೇಳಿದ. ವಾಗ್ನರ್ ಆ ದೃಶ್ಯವನ್ನು ಸೇರಿಸಿದ. ಇಂದಿಗೂ ಆ ಆಪೆರಾ ನೋಡುವವರ ಮುಂದೆ ಆ ಸಲಹೆ ಹಾಡಾಗಿ ನಿಂತಿದೆ. ಅದರ ಮೇಲೆ ಡೆವ್ರಿಯೆಂಟನ ಹೆಸರಿಲ್ಲ.

1877ರಲ್ಲಿ ಅವನು ತೀರಿಕೊಂಡ. ಅವನ ಕಂಠವನ್ನು ಹಿಡಿದಿಡುವ ಯಂತ್ರ ಆಗ ಬಳಕೆಗೆ ಬಂದಿರಲಿಲ್ಲ. ಅವನು ಬರೆದ ನಾಟಕಗಳನ್ನು ಆಡುವವರು ಈಗ ವಿರಳ. ಯಾವೊಂದು ಕಲೆಯಲ್ಲೂ ಶಿಖರ ಮುಟ್ಟಲಿಲ್ಲವೆಂದು ಅವನನ್ನು ತಳ್ಳಿಹಾಕುವುದು ಸುಲಭ. ನಾನಾದರೋ ಆ ಹಳೆಯ ಬುದ್ಧಿಮಾತನ್ನು ಬಿಡದೆಯೇ ಅವನನ್ನು ಗೌರವಿಸಬಲ್ಲೆ. ಒಂದನ್ನೇ ಹಿಡಿಯಬೇಕು, ನಿಜ. ಆದರೆ ಆ ಒಂದು ನಮ್ಮ ಕೈಯ ಚಳಕವೇ ಆಗಿರಬೇಕೆಂದೇನೂ ಇಲ್ಲ. ಕೈಚಳಕ ಇಂದಲ್ಲ ನಾಳೆ ಬಿಟ್ಟುಹೋಗುವಂಥದು. ಅದು ಯಾವುದರ ಸೇವೆಗೆಂದು ಇತ್ತೋ ಅದನ್ನು ಹಿಡಿದಿದ್ದರೆ, ಕಂಠ ಹೋದ ಮರುದಿನವೂ ಎದ್ದು ಹೋಗಿ ಮಾಡಲು ಕೆಲಸವಿರುತ್ತದೆ.