ಕಾಗದ ಓದಿ ಹೇಳುವವನು

ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಮಾತು ಕೇಳುವ ಚಟ ಮೊದಲಿನಿಂದಲೂ ಇದೆ. ಮಠದಲ್ಲಿ ಪ್ರವಚನ ಇದ್ದರೆ ಕೆಲಸ ಮುಗಿಸಿ ಹೋಗಿ ಕೂಡುತ್ತೇವೆ. ಶ್ರಾವಣದಲ್ಲಿ ಪುರಾಣ ಹಚ್ಚಿದರೆ ತಿಂಗಳಿಡೀ ಕೇಳುತ್ತೇವೆ. ಕ್ರೈಸ್ತರಾದರೆ ಭಾನುವಾರ ಚರ್ಚಿನಲ್ಲಿ ಪ್ರಸಂಗ. ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ತೀರ್ಪು: "ಭಾಳ ಛಂದ ಮಾತಾಡಿದ್ರು ನೋಡ್ರಿ." ಏನು ಹೇಳಿದರು ಅಂತ ಕೇಳಿದರೆ, "ಅದೆಲ್ಲಾ ನೆನಪಿಲ್ರಿ, ಆದ್ರ ಛಂದ ಹೇಳಿದ್ರು."

ನಗುವ ಮಾತೇ. ಆದರೆ ಇದರ ಒಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ. ಪ್ರಸಂಗ ಮಾಡುವವನ ಕೆಲಸ ಕೇಳುವವರನ್ನು ಮೆಚ್ಚಿಸುವುದೋ, ತನ್ನ ಕೈಗೆ ಕೊಟ್ಟ ಮಾತನ್ನು ಹಾಗೇ ತಲುಪಿಸುವುದೋ? ಎರಡೂ ಒಂದೇ ಆದ ದಿನ ತಂಟೆಯಿಲ್ಲ. ಬೇರೆ ಬೇರೆ ಆದ ದಿನ ಅವನು ಯಾರ ಕಡೆ ನಿಲ್ಲಬೇಕು?

ಇದು ಬರೀ ಪಾಸ್ಟರುಗಳ ತಲೆನೋವಲ್ಲ, ನಮ್ಮಂಥವರದೂ ಹೌದು. ವಾರವೆಲ್ಲ ಅಪ್ರೈಸಲ್, ಇಎಂಐ, ರಾತ್ರಿ ಹನ್ನೊಂದರ ಕಾಲ್. ಭಾನುವಾರ ಬಂದರೆ ಸ್ವಲ್ಪ ಚಾರ್ಜ್ ಆಗಬೇಕು ಅನಿಸುತ್ತದೆ. ಬೇಡಿಕೆ ಇದ್ದಲ್ಲಿ ಮಾಲು ಬಂದೇ ಬರುತ್ತದೆ. ಒತ್ತಡ ಗೆಲ್ಲಲು ಐದು ಸೂತ್ರ, ನೆಹೆಮೀಯನಿಂದ ಕಲಿಯುವ ಲೀಡರ್‌ಶಿಪ್, ಯೋಸೇಫನ ಹಾಗೆ ಪ್ರಮೋಷನ್ ಪಡೆಯುವುದು ಹೇಗೆ. ಇವೆಲ್ಲ ಸುಳ್ಳು ಅಂತಲ್ಲ. ಆದರೆ ನಲವತ್ತು ನಿಮಿಷದಲ್ಲಿ ಯೇಸುವಿನ ಹೆಸರು ಬರುವುದು ಕೊನೆಯ ಪ್ರಾರ್ಥನೆಯಲ್ಲಿ, ಅರ್ಜಿಯ ಕೆಳಗೆ ಒತ್ತುವ ಸೀಲಿನ ಹಾಗೆ.

ಹಳ್ಳಿಯಲ್ಲಿ ಟಪಾಲಿನವನಿಗೆ ಕಾಗದ ಕೊಡುವುದಷ್ಟೇ ಕೆಲಸ ಇರಲಿಲ್ಲ. ಓದಲು ಬಾರದವರ ಮನೆಯ ಕಟ್ಟೆಯ ಮೇಲೆ ಕೂತು ಓದಿಯೂ ಹೇಳುತ್ತಿದ್ದ. ಹೀಗೆ ಅಂದುಕೊಳ್ಳಿ: ಗೋವಾಕ್ಕೆ ದುಡಿಯಲು ಹೋದ ಮಗ ತಾಯಿಗೆ ಬರೆದಿದ್ದಾನೆ. ಕೆಲಸ ಹೋಗಿದೆ, ದೀಪಾವಳಿಗೆ ಬರಲು ಆಗುವುದಿಲ್ಲ, ಆದರೆ ನಿನ್ನನ್ನು ಮರೆತಿಲ್ಲ, ಬಂದೇ ಬರುತ್ತೇನೆ, ಕಾಯುತ್ತಿರು. ಮುದುಕಿಯ ಮುಖ ನೋಡಿ ಟಪಾಲಿನವನ ಮನಸ್ಸು ಕರಗುತ್ತದೆ. "ಯವ್ವಾ, ನಿನ್ನ ಮಗ ಆರಾಮ ಅದಾನ. ದೀಪಾವಳಿಗೆ ರೊಕ್ಕ ತಗೊಂಡು ಬರ್ತಾನಂತ," ಅಂತಾನೆ. ಆ ರಾತ್ರಿ ಆಕೆ ಹೊಟ್ಟೆ ತುಂಬ ಉಣ್ಣುತ್ತಾಳೆ. ದೀಪಾವಳಿಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಕೂತು ಮಗನನ್ನು ಬೈಯುತ್ತಾಳೆ.

ಟಪಾಲಿನವನು ಕೆಟ್ಟವನಲ್ಲ, ಮರುಕದಿಂದಲೇ ಮಾಡಿದ. ಆದರೆ ಮಗ ಹೇಳದ ಮಾತಿಗೆ ಮಗನೇ ಸುಳ್ಳುಗಾರನಾದ. ಅವನು ನಿಜವಾಗಿ ಬರೆದ 'ಮರೆತಿಲ್ಲ' ಅನ್ನುವ ಮಾತು ತಾಯಿಗೆ ಮುಟ್ಟಲೇ ಇಲ್ಲ. ದೇವರ ಹೆಸರಲ್ಲಿ ದೇವರು ಕೊಡದ ವಚನ ಕೊಡುವ ಪ್ರಸಂಗ ಮಾಡುವುದೂ ಇದನ್ನೇ.

ಬೈಬಲ್ಲಿನಲ್ಲೇ ಇಂಥ ಒಂದು ಕಾಗದ ಇದೆ. ದೇವರು ನಮಗಾಗಿ ಹಿತವನ್ನೇ ಯೋಚಿಸಿದ್ದಾನೆ ಅನ್ನುವ ಯೆರೆಮೀಯ 29:11 ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಆದರೆ ಅದು ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರದ ಮಾತು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಅಂತಿದೆ. ಅಂದರೆ ಪತ್ರ ಓದಿದ ಬಹಳಷ್ಟು ಮಂದಿ ಊರು ನೋಡದೆಯೇ ಸಾಯುವವರು. ಅದೇ ಹೊತ್ತಿಗೆ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ, ಎರಡೇ ವರ್ಷ ಸಾಕು ಅಂತ ಸಾರುತ್ತಿದ್ದ. ಯೆರೆಮೀಯ ಅವನ ಮೇಲೆ ಹರಿಹಾಯಲಿಲ್ಲ. ಹಾಗೇ ಆಗಲಿ, ಆಮೆನ್ ಅಂತಲೇ ಶುರು ಮಾಡಿದ. ಅವನಿಗೂ ಎರಡೇ ವರ್ಷ ಬೇಕಿತ್ತು. ಆದರೆ ತನಗೆ ಬೇಕಾದದ್ದನ್ನು ದೇವರ ಮಾತು ಅಂತ ಹೇಳಲು ಒಪ್ಪಲಿಲ್ಲ. ನಿಷ್ಠೆ ಅಂದರೆ ಇದೇ.

ಯೇಸು ಕೂಡ ಮಂದಿ ಎಣಿಸಿ ಮಾತಾಡಿದವನಲ್ಲ. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ರೊಟ್ಟಿ ತಿಂದು ತೃಪ್ತರಾದ ಜನ ಮರುದಿನ ಮತ್ತೆ ಹುಡುಕಿಕೊಂಡು ಬರುತ್ತಾರೆ. ಆತ ಮತ್ತೆ ರೊಟ್ಟಿ ಹಂಚಲಿಲ್ಲ, ಜೀವದ ರೊಟ್ಟಿ ತಾನೇ ಅಂದ. ಮಾತು ಗಟ್ಟಿಯಾಯಿತು ಅಂತ ಶಿಷ್ಯರಲ್ಲೇ ಅನೇಕರು ಬಿಟ್ಟು ಹೋದರು. ಆತ ಮಾತು ಬದಲಿಸಲಿಲ್ಲ. ಉಳಿದ ಹನ್ನೆರಡು ಮಂದಿಯನ್ನು, ನೀವೂ ಹೋಗುತ್ತೀರಾ ಅಂತ ಕೇಳಿದ.

ಹಾಗಂತ ನಿಷ್ಠೆ ಅಂದರೆ ಒಣಗಿದ ಭಾಷೆ, ಪರದೇಶದ ವೇಷ ಅಲ್ಲ. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್‌ರನ್ನು ನಾವು 1894ರ ನಿಘಂಟಿನಿಂದ ಗುರುತಿಸುತ್ತೇವೆ. ಅದಕ್ಕೂ ಎಷ್ಟೋ ಮೊದಲು, 1862ರಲ್ಲಿ, ಅವರು 'ಕಥಾಮಾಲೆ' ಅಂತ ಒಂದು ಪುಸ್ತಕ ತಂದರು. ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿಗೆ ಕೂಡಿಸುವ ಕೆಲಸ ಅದು. ಛಂದಸ್ಸು ಬದಲಾಯಿತು, ಕಥಾನಾಯಕ ಬದಲಾಗಲಿಲ್ಲ. ಟಪಾಲಿನವನು ಮಗನ ಕಾಗದವನ್ನು ಮುದುಕಿಗೆ ತಿಳಿಯುವ ಮಾತಿನಲ್ಲೇ ಓದಬೇಕು. ಆದರೆ ಓದುವುದು ಮಗನ ಕಾಗದವನ್ನೇ.

ಹೇಳುವವನು ಎಷ್ಟು ಕಾಣಬೇಕು ಅನ್ನುವುದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ದೊಡ್ಡ ಮೇಲ್ಪಂಕ್ತಿ ಇದೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀ ಬೇಡ ಅಂದರು. 2023ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲೇ, ತಮಗೆ ಸ್ಮಾರಕ ಬೇಡ ಅಂತ ಬರೆದಿಟ್ಟಿದ್ದರು. ಅವರ ದಾರಿ ಬೇರೆ, ಕ್ರೈಸ್ತರ ದಾರಿ ಬೇರೆ. ಆದರೂ ಪಾಸ್ಟರ್ ಫೋಟೋ ಆಳೆತ್ತರ, ಶಿಲುಬೆ ಮೂಲೆಯಲ್ಲಿ ಅಂಗೈಯಷ್ಟು ಇರುವ ಫ್ಲೆಕ್ಸ್ ಕಂಡಾಗ ಅವರ ನೆನಪಾಗುತ್ತದೆ. ಕ್ರಿಸ್ತನು ಹೆಚ್ಚಬೇಕು, ತಾನು ಕುಗ್ಗಬೇಕು ಅಂತ ಸ್ನಾನಿಕ ಯೋಹಾನ ತಿಳಿದಿದ್ದ. ಫ್ಲೆಕ್ಸಿನವರು ತಿಳಿದಂತಿಲ್ಲ.

"ಹಂಗಾದ್ರ ದಿನದ ಬದುಕಿಗೆ ಪ್ರಸಂಗದಾಗ ಜಾಗಾ ಇಲ್ಲೇನ್ರಿ?" ಅಂತ ಕೇಳಬಹುದು. ಖಂಡಿತ ಇದೆ. ಮಗನ ಕಾಗದದಲ್ಲೂ 'ಎಮ್ಮೆ ಮಾರಬೇಡ, ಔಷಧ ತಪ್ಪಿಸಬೇಡ' ಅಂತ ಇರುತ್ತದೆ. ಆದರೆ ಆ ಮಾತಿಗೆ ತೂಕ ಬರುವುದು ಬರೆದವನು ಮಗ ಅನ್ನುವುದರಿಂದ. ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ ಆರು ಅಧ್ಯಾಯ. ಮೊದಲ ಮೂರರಲ್ಲಿ ಮುಖ್ಯವಾಗಿ ಕ್ರಿಸ್ತನಲ್ಲಿ ದೇವರು ಏನು ಮಾಡಿದ ಅನ್ನುವುದು, ಉಳಿದ ಮೂರರಲ್ಲಿ ಗಂಡ-ಹೆಂಡತಿ, ಮಕ್ಕಳು, ದುಡಿಮೆ, ಸಿಟ್ಟು ಎಲ್ಲ. ಮೊದಲಿನ ಮೂರನ್ನು ಹರಿದು ಹಾಕಿದರೆ ಉಳಿಯುವುದು ಬುದ್ಧಿವಾದ. ಅದಕ್ಕೆ ಯೂಟ್ಯೂಬ್ ಸಾಕು.

ಇದರಲ್ಲಿ ನಿಜವಾಗಿ ಕಳೆದುಕೊಳ್ಳುವವರು ಸೋತವರು. ನಂಬಿದರೆ ಗೆಲ್ಲುತ್ತೀ ಅಂತಲೇ ವರ್ಷಗಟ್ಟಲೆ ಕೇಳಿದ ಹುಡುಗನ ಹೆಸರು ಲೇಆಫ್ ಪಟ್ಟಿಯಲ್ಲಿ ಬರುತ್ತದೆ, ಅಥವಾ ಅವನ ಅವ್ವನಿಗೆ ಕ್ಯಾನ್ಸರ್ ಅಂತ ತಿಳಿಯುತ್ತದೆ. ಅವನ ಮುಂದೆ ಎರಡೇ ದಾರಿ: ದೇವರು ಸುಳ್ಳು, ಇಲ್ಲವೇ ನನ್ನ ನಂಬಿಕೆ ಸಾಲದು. ಎರಡೂ ಅವನನ್ನು ತಿನ್ನುತ್ತವೆ. ಶಿಲುಬೆಯನ್ನು ಕೇಳಿ ಬೆಳೆದವನಿಗೆ ಮೂರನೆಯ ಮಾತೊಂದು ಗೊತ್ತಿರುತ್ತದೆ. ನಾನು ನಂಬಿದವನೂ ಗೆದ್ದವರ ಸಾಲಿನಲ್ಲಿ ನಿಂತು ಸಾಯಲಿಲ್ಲ, ದೇವರು ತನ್ನನ್ನು ಯಾಕೆ ಕೈಬಿಟ್ಟ ಅಂತ ಕೂಗಿ ಸತ್ತ, ಎದ್ದ. ಹಾಗಾಗಿ ನನ್ನ ಸೋಲು ದೇವರು ನನ್ನನ್ನು ಬಿಟ್ಟಿದ್ದಕ್ಕೆ ಸಾಕ್ಷಿಯಲ್ಲ. ಈ ಮಾತು ಆಸ್ಪತ್ರೆಯ ಕಾರಿಡಾರಿನಲ್ಲಿ ಹೊಸದಾಗಿ ಕಲಿಯಲು ಬರುವುದಿಲ್ಲ. ಮೊದಲೇ, ಭಾನುವಾರ ಭಾನುವಾರ, ಯಾರಾದರೂ ಹೇಳಿರಬೇಕು.

ಕೇಳುವವರ ಪಾಲೂ ಇದೆ. ಬೆರೋಯದ ಜನ ಪೌಲನ ಮಾತನ್ನೇ ದಿನಾ ಶಾಸ್ತ್ರದ ಜೊತೆ ತಾಳೆ ನೋಡಿದರಂತೆ. ಅದಕ್ಕೆ ಅವರಿಗೆ ಸಿಕ್ಕಿದ್ದು ಬೈಗುಳವಲ್ಲ, ಮೆಚ್ಚುಗೆ. ನಾವೂ ಮನೆಗೆ ಬಂದು ಊಟಕ್ಕೆ ಕೂತಾಗ ಒಂದು ಪ್ರಶ್ನೆ ಹಾಕಿಕೊಳ್ಳಬಹುದು: ಇವತ್ತಿನ ಪ್ರಸಂಗದಿಂದ ಯೇಸುವನ್ನು ತೆಗೆದುಬಿಟ್ಟರೆ ಏನಾದರೂ ಬೀಳುತ್ತಿತ್ತೇ? ಏನೂ ಬೀಳದಿದ್ದರೆ, ಎಷ್ಟೇ ಛಂದ ಮಾತಾಡಿದ್ದರೂ, ಕಾಗದ ಇನ್ನೂ ಒಡೆದಿಲ್ಲ ಅಂತ ಅರ್ಥ.