ಹರಾಜಿನ ಬೆಲೆಯೂ ಸತ್ಯಶುದ್ಧ ಕಾಯಕವೂ

ಕಾಯಕವು ಶುದ್ಧವಾಗಿರಬೇಕೆಂದು ಶರಣರು ವಿಧಿಸಿರುವರಷ್ಟೆ. ಆ ಶುದ್ಧಿಯು ದುಡಿಯುವ ಕೈಗೆ ಮಾತ್ರ ಸಲ್ಲತಕ್ಕದ್ದೋ, ಅಥವಾ ದುಡಿದುದನ್ನು ಮಾರುವ ನಾಲಗೆಗೂ ಸಲ್ಲತಕ್ಕದ್ದೋ? ನಾಲಗೆಗೂ ಸಲ್ಲುವುದೆಂದು ನಾವು ಪ್ರವಚನಗಳಲ್ಲಿ ಸುಲಭವಾಗಿ ಉತ್ತರ ಕೊಡುತ್ತಲೇ ಬಂದಿದ್ದೇವೆ. ಆದರೆ ಆ ಪ್ರಶ್ನೆಯು ಕೇವಲ 99 ಸೆಂಟುಗಳ ರೂಪವನ್ನು ತಾಳಿ ಎದುರು ನಿಂತಾಗ ಉತ್ತರವು ಅಷ್ಟು ಸುಲಭವಲ್ಲವೆಂಬುದು ಈಚೆಗೆ ನನಗೆ ಮನದಟ್ಟಾಯಿತು.

ನಮ್ಮ ಪಾಠಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ನನಗೊಂದು ಪತ್ರ ಬರೆದಿದ್ದನು. ಅವನು ಬಿಡುವಿನ ವೇಳೆಯಲ್ಲಿ ಹಳೆಯ ಅಂಚೆಚೀಟಿಗಳನ್ನು ಅಂತರ್ಜಾಲದ ಹರಾಜಿನಲ್ಲಿ ಮಾರುವವನು. 4 ಡಾಲರ್ ಕೊಟ್ಟು ಕೊಂಡಿದ್ದ ಒಂದು ಕಟ್ಟನ್ನು, ಬಹುಮಂದಿ ಸವಾಲು ಕೂಗಲೆಂಬ ಆಸೆಯಿಂದ, 99 ಸೆಂಟಿಗೆ ಹರಾಜಿಗಿಟ್ಟನಂತೆ. ಏಳು ದಿನಗಳು ಕಳೆದವು, ಕೂಗಿದವನು ಒಬ್ಬನೇ. ಕಟ್ಟು 99 ಸೆಂಟಿಗೇ ಹೋಯಿತು. “ಗುರುಗಳೇ, ಕಟ್ಟು ನೀರು ತಗುಲಿ ಕೆಟ್ಟುಹೋಯಿತೆಂದು ತಿಳಿಸಿ ಹಣವನ್ನು ಹಿಂದಿರುಗಿಸಿದರೆ ಅವನಿಗೇನೂ ನಷ್ಟವಿಲ್ಲವಲ್ಲ? ಹಾಗೆಂದು ಬರೆದಿಟ್ಟಿದ್ದೇನೆ, ಇನ್ನೂ ಕಳುಹಿಸಿಲ್ಲ. ತಾವು ಏನೆನ್ನುವಿರಿ?” ಎಂಬುದು ಅವನ ಪ್ರಶ್ನೆ.

ಓದಿ ಮೊದಲು ನನಗೆ ನಗು ಬಂದಿತು. ಇಷ್ಟು ಸಣ್ಣ ಮೊತ್ತಕ್ಕೆ ಧರ್ಮಜಿಜ್ಞಾಸೆಯೇ ಎಂದುಕೊಂಡೆನು. ಅನಂತರ ನಾಚಿಕೆಯಾಯಿತು. ಬೆಲೆಬಾಳುವ ವಸ್ತುವಿನ ವ್ಯವಹಾರಕ್ಕೆ ಸಾಕ್ಷಿಗಳಿರುತ್ತಾರೆ, ಕಾಗದಪತ್ರಗಳಿರುತ್ತವೆ, ನ್ಯಾಯಾಲಯವಿರುತ್ತದೆ. ಒಂದು ಡಾಲರಿನ ಸರಕಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲನ್ನೇರರು. ಅಲ್ಲಿ ಕಾವಲಿರುವುದು ಮಾರುವವನ ಅಂತಃಸಾಕ್ಷಿಯೊಂದೇ. ಆದುದರಿಂದ ಅಲ್ಪವಸ್ತುವಿನ ವಿಕ್ರಯವು ಸತ್ಯದ ಅಲ್ಪ ಪರೀಕ್ಷೆಯಲ್ಲ. ಅದೇ ಕಠಿಣತರವಾದ ಪರೀಕ್ಷೆ.

ಈ ಹರಾಜಿನ ಕ್ರಮವನ್ನು ವಾಚಕರು ಕೊಂಚ ತಿಳಿದುಕೊಳ್ಳಬೇಕು. ಇಬೇ ಎಂಬ ಪ್ರಸಿದ್ಧ ಸಂಸ್ಥೆಯನ್ನು ಪಿಯರ್ ಒಮಿಡ್ಯಾರ್ ಎಂಬವರು 1995ರಲ್ಲಿ ಆರಂಭಿಸಿದರು. ಅಲ್ಲಿ ಮೊದಲು ಮಾರಾಟವಾದುದೇ ಕೆಟ್ಟುಹೋದ ಒಂದು ಲೇಸರ್ ಸೂಚಕ. ಅದಕ್ಕೆ ಬಂದ ಬೆಲೆ 14.83 ಡಾಲರ್. ಕೊಳ್ಳುವವನು ತಾನು ಕೊಡಬಲ್ಲ ಅತ್ಯಧಿಕ ಮೊತ್ತವನ್ನು ಯಂತ್ರಕ್ಕೆ ಗುಟ್ಟಾಗಿ ತಿಳಿಸಿಡುತ್ತಾನೆ. ಯಂತ್ರವು ಅಷ್ಟನ್ನೂ ಕೂಗುವುದಿಲ್ಲ. ಎರಡನೆಯವನನ್ನು ಮೀರಿಸಲು ಬೇಕಾದಷ್ಟನ್ನು ಮಾತ್ರ ಕೂಗುತ್ತದೆ. ಇಂತಹ ಹರಾಜಿನಲ್ಲಿ ಕೊಳ್ಳುವವನಿಗೆ ತನ್ನ ನಿಜವಾದ ಬೆಲೆಯನ್ನು ಹೇಳಿಬಿಡುವುದೇ ಲಾಭಕರವೆಂಬ ತತ್ತ್ವವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರೆ 1961ರಲ್ಲಿ ವಿವರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಕೊಳ್ಳುವವನಿಗೆ ಸತ್ಯವೇ ಲಾಭವಾಗುವಂತೆ ರಚಿತವಾದ ಈ ಸಂತೆಯಲ್ಲಿ ಮಾರುವವನ ನಡೆ ಹೇಗಿರಬೇಕು?

ಅಲ್ಪವಸ್ತುಗಳನ್ನು ಮಾರುವವರು ಅನುಸರಿಸುವ ಉಪಾಯಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ಕೂಗನ್ನು ಅತಿ ಕಡಿಮೆ ಬೆಲೆಯಿಂದ ಆರಂಭಿಸುವುದು. ಕಡಿಮೆಯೆಂದು ಜನ ಸೇರುತ್ತಾರೆ, ಜನ ಸೇರಿದರೆ ಬೆಲೆ ಏರುತ್ತದೆ ಎಂಬುದು ಎಣಿಕೆ. ಇದರಲ್ಲಿ ತಾನಾಗಿ ದೋಷವಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಯಲ್ಲಿ ಮುಕ್ತಿಬಾವುಟವನ್ನು ಹರಾಜು ಹಾಕುವುದನ್ನು ನಾವೆಲ್ಲ ಬಲ್ಲೆವು. ಬಟ್ಟೆಯಾಗಿ ನೋಡಿದರೆ ಅದರ ಮೌಲ್ಯವು ಸ್ವಲ್ಪವೇ. ಆದರೂ ಅದು ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಅಲ್ಲಿ ಯಾರೂ ಮೋಸಹೋಗಿಲ್ಲ. ತಾನು ಕೊಳ್ಳುವುದೇನು, ಕೊಡುವುದೆಷ್ಟು ಎಂಬುದು ಕೂಗಿದವನಿಗೆ ಚೆನ್ನಾಗಿ ಗೊತ್ತು. ಬೆಲೆ ಏರುವುದು ಅಧರ್ಮವಲ್ಲ, ಮರೆಮಾಚುವುದು ಅಧರ್ಮ.

ಎರಡನೆಯದು ಸೂಕ್ಷ್ಮವಾದುದು: ವಸ್ತುವಿನ ಬೆಲೆಯನ್ನು ಒಂದು ಸೆಂಟೆಂದು ಸಾರಿ, ಉಳಿದುದನ್ನು ಸಾಗಣೆಯ ವೆಚ್ಚದಲ್ಲಿ ಸೇರಿಸುವುದು. ಟಂಜಿಮ್ ಹುಸೇನ್, ಜಾನ್ ಮಾರ್ಗನ್ ಎಂಬ ಇಬ್ಬರು ವಿದ್ವಾಂಸರು ಇಬೇಯಲ್ಲಿಯೇ ಸಂಗೀತದ ಸಿ.ಡಿ.ಗಳನ್ನು ಮಾರಿ ಇದನ್ನು ಪರೀಕ್ಷಿಸಿ, ಫಲವನ್ನು 2006ರಲ್ಲಿ ಪ್ರಕಟಿಸಿದರು. ಒಂದನ್ನು 4 ಡಾಲರಿನಿಂದ ಆರಂಭಿಸಿ ಸಾಗಣೆಯನ್ನು ಉಚಿತವೆಂದರು. ಅಂತಹದೇ ಇನ್ನೊಂದನ್ನು 1 ಸೆಂಟಿನಿಂದ ಆರಂಭಿಸಿ ಸಾಗಣೆಗೆ 3.99 ಡಾಲರ್ ಎಂದರು. ಕೂಡಿದರೆ ಎರಡೂ ಸಮವೇ. ಆದರೂ ಎರಡನೆಯ ಬಗೆಗೆ ಹೆಚ್ಚು ಮಂದಿ ಕೂಗಿದರು; ಒಟ್ಟು ಹಣವೂ ಹೆಚ್ಚು ಬಂದಿತು. ಆ ಕಾಲದಲ್ಲಿ ಸಂಸ್ಥೆಯ ಶುಲ್ಕವು ವಸ್ತುವಿನ ಬೆಲೆಯ ಮೇಲೆ ಮಾತ್ರ ಬೀಳುತ್ತಿದ್ದುದರಿಂದ ಮಾರುವವರಿಗೆ ಇದರಲ್ಲಿ ಇಮ್ಮಡಿ ಲಾಭವಿತ್ತು. 2011ರಲ್ಲಿ ಅಮೆರಿಕದಲ್ಲಿ ಸಾಗಣೆಯ ಮೊತ್ತಕ್ಕೂ ಶುಲ್ಕವನ್ನು ವಿಧಿಸಲಾಯಿತು.

‘ಎರಡು ಅಂಕಿಗಳನ್ನೂ ಕಣ್ಣೆದುರಿಗೇ ಬರೆದಿದ್ದೇನೆ; ಕೂಡಿ ನೋಡದಿದ್ದರೆ ಅದು ಅವನ ತಪ್ಪು’ ಎಂದು ಮಾರುವವನು ವಾದಿಸಬಹುದು. ಈ ವಾದವು ಕಾನೂನಿಗೆ ಸಾಕು, ಶರಣಮಾರ್ಗಕ್ಕೆ ಸಾಲದು. ನಿಜವಾಗಿ ತಗಲುವ ಅಂಚೆಯ ವೆಚ್ಚವನ್ನು ಕೇಳುವುದು ನ್ಯಾಯ. ಆದರೆ ಕೊಳ್ಳುವವನು ಕೂಡಿ ನೋಡುವುದಿಲ್ಲವೆಂದು ತಿಳಿದೇ ಬೆಲೆಯನ್ನು ಒಡೆದಿಟ್ಟರೆ, ಅವನು ಜೀವಿಸುವುದು ತನ್ನ ಕಾಯಕದಿಂದಲ್ಲ, ಪರರ ಅಜಾಗರೂಕತೆಯಿಂದ.

ಮೂರನೆಯದು, ಮಿತ್ರರಿಂದ ಸುಳ್ಳು ಕೂಗು ಕೂಗಿಸಿ ಬೆಲೆಯನ್ನು ಏರಿಸುವುದು. ಕೊಳ್ಳುವವನು ನಂಬಿ ಗುಟ್ಟಾಗಿ ಇರಿಸಿದ ಮೊತ್ತವನ್ನು ಕೆದಕಿ ತೆಗೆಯುವ ಕೃತ್ಯವಿದು. ಸಂಸ್ಥೆಯ ನಿಯಮಗಳೇ ಇದನ್ನು ನಿಷೇಧಿಸಿರುವುದರಿಂದ ಹೆಚ್ಚು ಹೇಳಬೇಕಾದುದಿಲ್ಲ.

ಇಲ್ಲಿ ನುಲಿಯ ಚಂದಯ್ಯನ ನೆನಪಾಗುತ್ತದೆ. ಹುಲ್ಲಿನಿಂದ ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಅದಕ್ಕಿಂತ ಅಲ್ಪವಾದ ಸರಕು ಯಾವುದುಂಟು? ಅವನ ಹಗ್ಗಕ್ಕೆ ಒಮ್ಮೆ ಯೋಗ್ಯವಾದ ಬೆಲೆಯನ್ನು ಮೀರಿ ಹೊನ್ನು ಬಂದಾಗ, ತಂದವನು ಸಾಕ್ಷಾತ್ ಲಿಂಗಸ್ವರೂಪನೇ ಆಗಿದ್ದರೂ, ಆ ಹೆಚ್ಚಳವನ್ನು ಅವನು ಒಪ್ಪಲಿಲ್ಲವೆಂದು ನಮ್ಮ ಪರಂಪರೆಯು ಹೇಳುತ್ತದೆ. ಅಲ್ಲಿ ಮೋಸವಿರಲಿಲ್ಲ, ಕೊಟ್ಟವನಿಗೆ ಅಸಮಾಧಾನವೂ ಇರಲಿಲ್ಲ. ಆದರೂ ಚಂದಯ್ಯನು ಬೇಡವೆಂದನು. ಆ ಎತ್ತರವು ನಮ್ಮಂತಹ ಸಂಸಾರಿಗಳಿಗೆ ನಿಲುಕುವುದು ಕಷ್ಟ. ಹರಾಜಿನಲ್ಲಿ ಪ್ರಾಮಾಣಿಕವಾಗಿಯೇ ಬೆಲೆ ಏರಿದರೆ ಬಂದ ಹೆಚ್ಚಳವನ್ನು ದಾಸೋಹಕ್ಕೆ ಸಲ್ಲಿಸುವುದು ನಮಗೆ ಉಳಿದಿರುವ ದಾರಿ. ಆದರೆ ಹೆಚ್ಚು ಬಂದಾಗ ಚಂದಯ್ಯನಂತೆ ಹಿಂದಿರುಗಿಸಲಾರದ ನಾವು, ಕಡಿಮೆ ಬಂದಾಗ ಮಾತ್ರ ಮಾತನ್ನು ಹಿಂದೆಗೆದುಕೊಳ್ಳುವುದು ಯಾವ ನ್ಯಾಯ? ಏರಿದರೆ ಹರಾಜು, ಇಳಿದರೆ ಸುಳ್ಳು ಎಂದಾಗಬಾರದು.

ಶಿಷ್ಯನಿಗೆ ನಾನು ಬರೆದುದು ಇಷ್ಟೇ: “ನೀನು 99 ಸೆಂಟು ಎಂದು ಬರೆದಾಗ ಅದು ಬೆಲೆ ಮಾತ್ರವಾಗಿರಲಿಲ್ಲ, ನಿನ್ನ ನುಡಿಯೂ ಆಗಿತ್ತು. ಆ ಬೆಲೆಗೇ ಕೊಡಲು ಮನಸ್ಸಿದ್ದರೆ ಅದು ಸತ್ಯವಾದ ಕೂಗು. ಇಲ್ಲದಿದ್ದರೆ ಬರಿಯ ಗಾಳದ ಹುಳು. ಕೊಳ್ಳುವವನಿಗೆ ನಷ್ಟವಿಲ್ಲವೆಂದೆಯಲ್ಲ, ನಿನ್ನ ಮಾತಿನಿಂದ ಅವನದಾದ ಕಟ್ಟು ಅವನಿಗೆ ನಷ್ಟವಲ್ಲವೇ? ಕಟ್ಟನ್ನು ಕಳುಹಿಸು. ಮುಂದೆ ಯಾವ ಬೆಲೆಗೆ ಕೊಟ್ಟರೂ ನೊಂದುಕೊಳ್ಳೆಯೋ ಆ ಬೆಲೆಯಿಂದಲೇ ಕೂಗನ್ನು ಆರಂಭಿಸು.”

ಕಟ್ಟನ್ನು ಕಳುಹಿಸಿದೆನೆಂದು ಅವನು ಬರೆದಿದ್ದಾನೆ. ಅವನಿಗೆ ಮೂರು ಡಾಲರ್ ನಷ್ಟವಾಯಿತು. ನಾನು ಉಪದೇಶ ಮಾಡಿದವನೇ ಹೊರತು ನಷ್ಟವನ್ನು ಹೊತ್ತವನಲ್ಲ. ಆ ಮೂರು ಡಾಲರಿನ ಮಟ್ಟಿಗೆ ಶಿಷ್ಯನೇ ನನಗಿಂತ ಮುಂದೆ ನಡೆದಿದ್ದಾನೆ. ಸಂತೆಯು ಕಲ್ಯಾಣದ ಬೀದಿಯಲ್ಲಿರಲಿ, ಅಂತರ್ಜಾಲದಲ್ಲಿರಲಿ, ಮಾರುವವನ ನುಡಿಯೂ ನಡೆಯೂ ಒಂದಾಗಿರುವಲ್ಲಿಯೇ ಕಾಯಕವು ಲಿಂಗಕ್ಕೆ ಅರ್ಪಿತವಾಗುತ್ತದೆ. ಅಂತಹ ಬುದ್ಧಿಯನ್ನು ಶಿವನು ನಮ್ಮೆಲ್ಲರಿಗೂ ಕರುಣಿಸಲಿ.